ಕಲಬುರಗಿ ಬಿಸಿಲಿಗೆ ಕೂಲರ್ ಸಾಕಾ, ಎಸಿನೇ ಬೇಕಾ?

ಮೈಸೂರಿನವ: ಏಪ್ರಿಲ್‌ನಲ್ಲಿ ಕಲಬುರಗಿಗೆ ವರ್ಗ ಆಗಿದೆ. ಬಾಡಿಗೆ ಮನೆ, ಕೆಳಗಿನ ಮಹಡಿ. ಮೂರು ವರ್ಷದ ಮಗಳಿದ್ದಾಳೆ. ಅನುಭವ ಇದ್ದವರು ಹೇಳಿ.

ಮೇಲ್ಮನೆಯವ: ಎಸಿ ಅಂದರೆ ಈಗಲೂ ಹೊಟ್ಟೆ ಉರಿಯುತ್ತದೆ. 2022ರಲ್ಲಿ ಒಂದೂವರೆ ಟನ್ನಿನದು ತಂದೆ, 38,500. ಸ್ಟೆಬಿಲೈಸರ್ 2,800. ಪೈಪ್ ಸಾಲದು ಎಂದು ಮತ್ತೆ 1,900. ಗೋಡೆಗೆ ತೂತು ಹಾಕಿದ್ದಕ್ಕೆ ಮನೆ ಮಾಲೀಕರು ಅಡ್ವಾನ್ಸ್‌ನಲ್ಲಿ 3,000 ಮುರಿದುಕೊಂಡರು. ಇಷ್ಟಾದರೂ ರಾತ್ರಿ ಹನ್ನೊಂದಾದರೂ ರೂಮು ತಣ್ಣಗಾಗುತ್ತಿರಲಿಲ್ಲ. ಹಗಲೆಲ್ಲ 43 ಡಿಗ್ರಿ ಕುಡಿದ ಆರ್‌ಸಿಸಿ ತಾರಸಿ ರಾತ್ರಿ ಅದನ್ನೇ ತಲೆ ಮೇಲೆ ಸುರಿಯುತ್ತದೆ. ಮೇ ತಿಂಗಳ ಬಿಲ್ಲು 4,160. ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಬ್ರಹ್ಮಪುರದ ಅಕ್ಕ: ಅದಕ್ಕೇ ನಾವು ಕೂಲರ್ ಬಿಟ್ಟು ಕದಲಲಿಲ್ಲ. 9,200ಕ್ಕೆ ತಂದದ್ದು, ಆರನೇ ಬೇಸಿಗೆ. ಇಲ್ಲಿಯ ಗಾಳಿ ಒಣ ಒಣ. ಒದ್ದೆ ಪ್ಯಾಡಿನ ನೀರು ಹೀರಿ ತಾನೇ ತಣ್ಣಗಾಗುತ್ತದೆ. ಹುಲ್ಲಿನ ಪ್ಯಾಡ್ ತೆಗೆದು ಲಾವಂಚದ್ದು ಹಾಕಿದೆ, ಮನೆಯೆಲ್ಲ ಘಮ ಘಮ. ಬೋರ್ ನೀರಿಗೆ ಉಪ್ಪು ಕಟ್ಟಿ ಪಂಪ್ ಎರಡು ಸಲ ಸುಟ್ಟಿತು, ಒಮ್ಮೆ 350, ಒಮ್ಮೆ 420. ಅಷ್ಟೇ.

ಮೇಲ್ಮನೆಯವ: ಅಷ್ಟೇ ಅಂತೆ! ಜುಲೈನಲ್ಲಿ ಅದೇ ಕೂಲರ್ ಹಾಕಿ ನೋಡಿ. ಗಾಳಿಯೇ ಒದ್ದೆ, ಮೈಯೆಲ್ಲ ಅಂಟು, ಹಾಸಿಗೆಗೆ ಮುಗ್ಗಲು ವಾಸನೆ.

ಬ್ರಹ್ಮಪುರದ ಅಕ್ಕ: ಜುಲೈನಲ್ಲಿ ಕೂಲರಿಗೆ ನೀರು ಯಾರು ಹಾಕ್ತಾರೆ ರೀ? ಬರೀ ಫ್ಯಾನ್ ಓಡಿಸೋದು. ನಮ್ಮಲ್ಲಿ ಜೂನ್‌ನಲ್ಲಿ ಎರಡು ಸಲ ಹನಿದು ಮಳೆ ನಾಪತ್ತೆ. ಜೋರು ಮಳೆ ಸೆಪ್ಟೆಂಬರ್‌ನಲ್ಲೇ.

ರಾಯಚೂರಿನವ: 43ಕ್ಕೇ ಇಷ್ಟು ಅಳ್ತೀರಾ? ನಾನು ಎರಡನ್ನೂ ತಗೊಳ್ಳಲಿಲ್ಲ. ಮಾರ್ಚ್‌ನಲ್ಲಿ ಮಾಳಿಗೆಗೆ ಗೋಂದು ಕಲಸಿ ಮೂರು ಸಲ ಸುಣ್ಣ ಬಳಿದೆ. ಸುಣ್ಣ, ಬ್ರಷ್, ಆಳು ಸೇರಿ 2,400. ಬರೀ ಫ್ಯಾನಿಗೇ ನಿದ್ದೆ ಬಂತು. ಮೊದಲ ಮಳೆಗೆ ಸುಣ್ಣವೆಲ್ಲ ಇಳಿದು ಪಕ್ಕದ ಮನೆಯವರ ಹೊಸ ಕಾರಿನ ಮೇಲೆ ಬಿತ್ತು. ವಾಟರ್ ವಾಶ್ ಖರ್ಚು ನಂದೇ. ಇವತ್ತಿಗೂ ಅವರು ಮಾತಾಡಲ್ಲ.

ಫರ್ಸಿ ಮನೆ: ನಮ್ಮ ಅಜ್ಜ ಶಹಾಬಾದ್ ಕಲ್ಲಿನಲ್ಲಿ ಕಟ್ಟಿಸಿದ ಮನೆಗೆ ಸುಣ್ಣವೂ ಬೇಡ, ಎಸಿಯೂ ಬೇಡ. ಮಧ್ಯಾಹ್ನ ನೀರು ಚಿಮುಕಿಸಿ ಕಲ್ಲಿನ ಮೇಲೆ ಮಲಗಿದರೆ ಸ್ವರ್ಗ.

ರಾಯಚೂರಿನವ: ಮಲಗೋಕೆ ಪುರುಸೊತ್ತು ಇರಬೇಕಲ್ಲ.

ಫರ್ಸಿ ಮನೆ: ಸರ್ಕಾರಿ ನೌಕರ ರೀ ನಾನು. ಬಿಸಿಲಿಗೆಂದು ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಎಂಟಕ್ಕೆ ಆಫೀಸು, ಒಂದೂವರೆಗೆ ಮನೆ. ಹೊಟ್ಟೆಕಿಚ್ಚು ಯಾಕೆ?

ರಾಯಚೂರಿನವ: ಒಂದೂವರೆ ಬಿಸಿಲಲ್ಲಿ ಗಾಡಿ ಸೀಟಿನ ಮೇಲೆ ಕೂತಾಗ ಅಜ್ಜನ ಕಲ್ಲು ನೆನಪಾಗುತ್ತಾ?

ಮೈಸೂರಿನವ: ನನ್ನದು ಕೆಳಗಿನ ಮಹಡಿ...

ಮೇಲ್ಮನೆಯವ: ಅಕ್ಕಾ, ಜಗಳ ಇರಲಿ. ಆ ಲಾವಂಚದ ಪ್ಯಾಡ್ ಎಲ್ಲಿ ಸಿಕ್ಕಿತು?

ಬ್ರಹ್ಮಪುರದ ಅಕ್ಕ: ಸೂಪರ್ ಮಾರ್ಕೆಟ್ ಪೇಟೆ ಕಡೆ. ಫೆಬ್ರವರಿಯಲ್ಲೇ ಹೋಗಿ, ಏಪ್ರಿಲ್‌ನಲ್ಲಿ ಕೇಳಿದ್ದೇ ರೇಟು.