ಕ್ಯಾಂಪಿಂಗ್ ಟ್ರೇಲರಿಗೆ ಹೊಸ ಟೈರು: ಕಾರಿನದ್ದೋ, ಗೂಡ್ಸ್ ಗಾಡಿಯದ್ದೋ?

ಪ್ರಶ್ನೆ: ಅಡಿಕೆತೋಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದೇ ಆ್ಯಕ್ಸಲ್ ಇರುವ, ಎರಡು ಚಕ್ರದ ಸಣ್ಣ ಕ್ಯಾಂಪಿಂಗ್ ಟ್ರೇಲರ್ ಇದೆ. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವ ತನಕ, ಬಿಡುವು ಸಿಕ್ಕಾಗಲೆಲ್ಲ ಅದನ್ನು ಬೊಲೆರೊ ಹಿಂದೆ ಕಟ್ಟಿಕೊಂಡು ದೇವಿಮನೆ ಘಟ್ಟ ಇಳಿದು ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡೆಗೆ ಮನೆಮಂದಿಯೆಲ್ಲ ಹೋಗಿ ಬರುತ್ತೇವೆ. ಮಳೆಗಾಲ ಪೂರ್ತಿ ಅದು ಅಂಗಳದ ಪಕ್ಕದ ಮಾಡಿನಡಿ ನಿಂತಿರುತ್ತದೆ.

ಈಗಿರುವುದು 165/80 ಆರ್ 14 ಅಳತೆಯ ಕಾರಿನ ಟೈರುಗಳು. ಗ್ರಿಪ್ ಬಹುತೇಕ ಹೊಸದರಂತೆಯೇ ಉಳಿದಿದೆ. ಆದರೆ ಕಳೆದ ವಾರ ಗಾಡಿ ತೊಳೆಯುವಾಗ ಸೈಡ್‌ವಾಲ್ ಮೇಲೂ ಗ್ರಿಪ್‌ನ ಗೆರೆಗಳ ತಳದಲ್ಲೂ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸುತ್ತಲೂ ಕಾಣಿಸಿದವು. ಕಾಟಾದಲ್ಲಿ ತೂಗಿಸಿದಾಗ, ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರ್, ಸಾಮಾನು ಎಲ್ಲ ತುಂಬಿಕೊಂಡು ಎರಡೂ ಚಕ್ರಗಳ ಮೇಲೆ ಒಟ್ಟು 920 ಕೆ.ಜಿ. ಬಂದಿದೆ.

ಗ್ರಿಪ್ ಇಷ್ಟು ಚೆನ್ನಾಗಿರುವಾಗ ಟೈರು ಬದಲಿಸಲೇಬೇಕೆ? ಬದಲಿಸುವುದಾದರೆ ಮತ್ತೆ ಕಾರಿನದ್ದೇ ಹಾಕಬೇಕೆ, ಸಣ್ಣ ಗೂಡ್ಸ್ ಗಾಡಿಯದ್ದು ಹಾಕಬೇಕೆ, ಅಥವಾ ಟ್ರೇಲರಿಗೆಂದೇ ವಿದೇಶದಲ್ಲಿ ತಯಾರಾಗುವ ಟೈರನ್ನು ತರಿಸಬೇಕೆ? ಸ್ಟೆಪ್ನಿ ಸೇರಿ ಮೂರು ಟೈರಿಗೆ 15,000 ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡುವ ಸ್ಥಿತಿಯಲ್ಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವವರಾದ್ದರಿಂದ ಅಗ್ಗವೆಂದು ಏನನ್ನೋ ಹಾಕಿಸಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಟೈರಂಗಡಿ, ಕುಮಟಾ

ನಮಸ್ಕಾರ. ಮೊದಲು ಟೈರಿನ ವಯಸ್ಸು ನೋಡಿ. ಸೈಡ್‌ವಾಲ್ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3218 ಎಂದಿದ್ದರೆ 2018ರ 32ನೇ ವಾರದಲ್ಲಿ, ಅಂದರೆ ಆ ವರ್ಷದ ಆಗಸ್ಟ್‌ನಲ್ಲಿ ತಯಾರಾದದ್ದು ಎಂದರ್ಥ. ಈ ಅಂಕಿಗಳು ಟೈರಿನ ಒಂದೇ ಬದಿಯಲ್ಲಿ ಅಚ್ಚಾಗಿರುವುದುಂಟು; ಹೊರಬದಿಯಲ್ಲಿ ಕಾಣದಿದ್ದರೆ ಗಾಡಿಯ ಅಡಿಗೆ ಬಗ್ಗಿ ಒಳಬದಿಯಲ್ಲಿ ಹುಡುಕಿ.

ಟ್ರೇಲರಿನ ಟೈರು ಸವೆದು ಹಾಳಾಗುವುದಕ್ಕಿಂತ ಮೊದಲೇ ನಿಂತಲ್ಲಿ ಮುಪ್ಪಾಗಿ ಹಾಳಾಗುತ್ತದೆ. ಗಾಳಿಯಲ್ಲಿರುವ ಓಜೋನ್ ಮತ್ತು ಬಿಸಿಲು ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತವೆ. ಅದನ್ನು ತಡೆಯಲೆಂದು ಕಾರ್ಖಾನೆಯಲ್ಲಿ ರಬ್ಬರಿಗೆ ಒಂದು ಬಗೆಯ ಮೇಣವನ್ನೂ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗಿ ಚಾಚಿದಾಗ ಅವು ಒಳಗಿನಿಂದ ಮೇಲ್ಮೈಗೆ ಬಂದು ಪದರ ಕಟ್ಟುತ್ತವೆ. ತಿಂಗಳುಗಟ್ಟಲೆ ನಿಂತ ಟೈರಿನಲ್ಲಿ ಈ ಕೆಲಸ ನಡೆಯುವುದಿಲ್ಲ. ಹಾಗಾಗಿ ದಿನವೂ ಓಡುವ ಟ್ಯಾಕ್ಸಿಯ ಟೈರಿಗಿಂತ ನಿಮ್ಮ ಟ್ರೇಲರಿನ ಟೈರು ಬೇಗ ಬಿರಿಯುವುದು ಸಹಜ. ಕಾನೂನಿನ ಪ್ರಕಾರ ಗ್ರಿಪ್‌ನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ನಿಮ್ಮದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು, ಆದರೂ ನನ್ನ ಮಟ್ಟಿಗೆ ಅದು ಮುಗಿದ ಟೈರು. ಐದು ವರ್ಷ ದಾಟಿದ ಟ್ರೇಲರ್ ಟೈರನ್ನು ಪ್ರತಿ ಪ್ರಯಾಣಕ್ಕೆ ಮೊದಲು ಕೂಲಂಕಷವಾಗಿ ನೋಡಬೇಕು. ಆರು ದಾಟಿ, ಬಿರುಕೂ ಬಂದಿದ್ದರೆ ತೆಗೆದುಬಿಡಬೇಕು.

ಇನ್ನು ಭಾರದ ವಿಷಯ. ಅಳತೆಯ ನಂತರ ಬರುವ ಲೋಡ್ ಇಂಡೆಕ್ಸ್, ಅಂದರೆ ಭಾರದ ಸಂಕೇತದ ಅಂಕಿಯನ್ನು ಓದಿಕೊಳ್ಳಿ. ನಿಮ್ಮ ಅಳತೆಯ ಕಾರಿನ ಟೈರಿಗೆ ಅದು ಸಾಮಾನ್ಯವಾಗಿ 85, ಅಂದರೆ ಒಂದು ಟೈರು ಹೊರಬಹುದಾದದ್ದು 515 ಕೆ.ಜಿ. ಎರಡಕ್ಕೆ 1,030 ಆಗುತ್ತದೆ, 920 ಅದರೊಳಗೇ ಇದೆ ಎಂದು ನಿಶ್ಚಿಂತರಾಗಬೇಡಿ. ಕಾರಿನ ಟೈರನ್ನು ಟ್ರೇಲರಿಗೆ ಹಾಕುವಾಗ ಅದರ ಸಾಮರ್ಥ್ಯವನ್ನು 1.1ರಿಂದ ಭಾಗಿಸಿ ಲೆಕ್ಕ ಹಿಡಿಯುವ ರೂಢಿ ಅಮೆರಿಕದಲ್ಲಿದೆ. ಕಾರಿನ ಸಸ್ಪೆನ್ಷನ್ ನುಂಗಿಕೊಳ್ಳುವ ಹೊಡೆತವನ್ನು ಟ್ರೇಲರಿನಲ್ಲಿ ಟೈರೇ ತಿನ್ನಬೇಕಾಗುವುದರಿಂದ ಈ ರೂಢಿ ನಮ್ಮ ರಸ್ತೆಗಳಿಗೂ ಒಪ್ಪುವಂಥದ್ದು. ಹಾಗೆ ಭಾಗಿಸಿದರೆ ಒಂದು ಟೈರಿಗೆ 468, ಎರಡಕ್ಕೆ 936 ಕೆ.ಜಿ. ಮಾತ್ರ ಸಿಗುತ್ತದೆ. ಇದಕ್ಕಿಂತ ಮುಖ್ಯವಾಗಿ, ಭಾರ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗಿರುವುದು ಅಪರೂಪ. ಮತ್ತೊಮ್ಮೆ ಕಾಟಾಕ್ಕೆ ಹೋಗಿ, ಒಂದೇ ಚಕ್ರವನ್ನು ತಟ್ಟೆಯ ಮೇಲೆ ನಿಲ್ಲಿಸಿ ಎಡ ಬಲ ಬೇರೆ ಬೇರೆಯಾಗಿ ತೂಗಿಸಿ, ಅಂಕಿ ಇಲ್ಲಿ ಹಾಕಿ.

ನನ್ನ ಸಲಹೆ ಕೇಳಿದರೆ, ಸಣ್ಣ ಗೂಡ್ಸ್ ಗಾಡಿಗಳಿಗೆ ಬರುವ 165 ಆರ್ 14 ಎಲ್‌ಟಿ, 8 ಪಿಆರ್ ಟೈರನ್ನು ನೋಡಿ (ಎಲ್‌ಟಿ ಎಂದರೆ ಲಘು ಟ್ರಕ್ಕಿನದ್ದು, ಪಿಆರ್ ಎಂದರೆ ಪದರಗಳ ಲೆಕ್ಕದಲ್ಲಿ ಹೇಳುವ ಟೈರಿನ ಬಲ). ಎತ್ತರ ಈಗಿನದಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ, ಸೈಡ್‌ವಾಲ್ ಬಿಗಿಯಾಗಿರುತ್ತದೆ. ಅದರ ಮೇಲೆ ಲೋಡ್ ಇಂಡೆಕ್ಸ್ ಜೋಡಿಯಾಗಿ ಇರುತ್ತದೆ. ಮೊದಲನೆಯದು ನಿಮ್ಮದರಂತೆ ಬದಿಗೊಂದೇ ಚಕ್ರ ಇರುವಾಗಿನದು, ಎರಡನೆಯದು ಲಾರಿಯಂತೆ ಒಂದೇ ಬದಿಯಲ್ಲಿ ಎರಡು ಚಕ್ರ ಜೋಡಿಸಿದಾಗಿನದು. ಮೊದಲ ಅಂಕಿ 95 ಇದ್ದರೆ 690 ಕೆ.ಜಿ., 97 ಇದ್ದರೆ 730 ಕೆ.ಜಿ. ಎಂದು ತಿಳಿಯಿರಿ. ಒಳಗಿನ ದಾರಗಳು ಅಡ್ಡಲಾಗಿ ನೇರವಾಗಿದ್ದು ಮೇಲೆ ಉಕ್ಕಿನ ಬೆಲ್ಟ್ ಇರುವ ರೇಡಿಯಲ್ ಟೈರನ್ನೇ ಕೊಳ್ಳಿ. ದಾರಗಳು ಓರೆಯಾಗಿರುವ ನೈಲಾನ್ ಟೈರು ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ಹೆದ್ದಾರಿಯ ವೇಗದಲ್ಲಿ ಹೆಚ್ಚು ಬಿಸಿಯಾಗುತ್ತದೆ, ಮತ್ತು ಒಂದೇ ಆ್ಯಕ್ಸಲ್‌ನಲ್ಲಿ ಒಂದು ರೇಡಿಯಲ್ ಒಂದು ನೈಲಾನ್ ಹಾಕುವುದಂತೂ ಕೂಡದು. ಹಳೆಯ ಟೈರಿಗೆ ಹೊಸ ಗ್ರಿಪ್ ಅಂಟಿಸಿದ ರಿಟ್ರೆಡ್ ಬೇಡ. ಐಎಸ್‌ಐ ಗುರುತು ಇರಲೇಬೇಕು. ಕಾರಿನ ಟೈರಿಗೆ ಅದರ ಜೊತೆ ಐಎಸ್ 15633, ವಾಣಿಜ್ಯ ವಾಹನದ ಟೈರಿಗೆ ಐಎಸ್ 15636 ಎಂಬ ಸಂಖ್ಯೆ ಇರುತ್ತದೆ.

ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಯಲ್ಲಿ ಕಾಲ ಕಳೆಯುವ ಅಗತ್ಯವಿಲ್ಲ. ಇವುಗಳಲ್ಲಿ ಯಾವುದು ಆರು ತಿಂಗಳೊಳಗಿನ ತಯಾರಿಕೆಯದ್ದಾಗಿ ನಿಮಗೆ ಸಿಗುತ್ತದೋ ಅದನ್ನು ಕೊಳ್ಳಿ. ದೊಡ್ಡ ರಿಯಾಯಿತಿಯ ಹಿಂದೆ ಬಹಳ ಸಲ ಎರಡು ಮೂರು ವರ್ಷ ಗೋದಾಮಿನಲ್ಲಿದ್ದ ಮಾಲು ಇರುತ್ತದೆ. ಆರು ವರ್ಷ ಬಾಳಬೇಕಾದ ಟೈರಿನ ಅರ್ಧ ಆಯುಷ್ಯ ಅಲ್ಲೇ ಕಳೆದಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಉತ್ತರ: ಕಾಳಿತೀರ, ಕಾರವಾರ

ನಾನು ಮೀನುಗಾರಿಕೆಯ ಸಣ್ಣ ದೋಣಿಯನ್ನು ಟ್ರೇಲರಿನಲ್ಲಿ ಎಳೆಯುವವನು. ಮೇಲಿನವರು ಟೈರಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಟೈರು ಕಟ್ಟುವ ರಿಮ್‌ನ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಕರಾವಳಿಯಲ್ಲಿ ಮೊದಲು ಕೈಕೊಡುವುದು ಅದೇ.

ಹಳೆಯ ಟೈರು ಬಿಚ್ಚಿದ ಕೂಡಲೇ ಹೊಸದನ್ನು ಏರಿಸಲು ಬಿಡಬೇಡಿ. ಟೈರಿನ ಅಂಚು ಕೂರುವ ಜಾಗವನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿ. ಕಡಲ ಬದಿಯ ಮರಳಿನಲ್ಲಿ ನಿಂತು ಬಂದ ಗಾಡಿಗೆ ಅಲ್ಲಿ ತುಕ್ಕಿನ ಹಕ್ಕಳೆ ಎದ್ದಿರುತ್ತದೆ. ಟ್ಯೂಬ್‌ಲೆಸ್ ಟೈರಿನ ಗಾಳಿ ಆ ಹಕ್ಕಳೆಯ ಸಂದಿಯಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟೈರನ್ನು ನೀರಿನಲ್ಲಿ ಮುಳುಗಿಸಿ ಎಷ್ಟು ಹುಡುಕಿದರೂ ಮೊಳೆ ಸಿಗುವುದಿಲ್ಲ. ತಂತಿ ಬ್ರಷ್‌ನಿಂದ ಕೆರೆದು, ಪ್ರೈಮರ್ ಹಚ್ಚಿ, ಬಣ್ಣ ಒಣಗಿದ ಮೇಲೆಯೇ ಟೈರು ಏರಿಸಬೇಕು. ತುಕ್ಕು ಲೋಹವನ್ನು ಗುಳಿ ಬೀಳುವಷ್ಟು ತಿಂದಿದ್ದರೆ ರಿಮ್ ಬದಲಿಸುವುದೇ ಸರಿ. ವಾಲ್ವ್‌ಗಳನ್ನೂ ಹೊಸದಾಗಿ ಹಾಕಿಸಿ. ಕಾರಿಗೆ ಬರುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐ ತನಕದ ಒತ್ತಡಕ್ಕೆ ಮಾತ್ರ. 8 ಪಿಆರ್ ಟೈರಿನ ಮೇಲಿನ ಗರಿಷ್ಠ ಒತ್ತಡವೂ ಅದರ ಆಸುಪಾಸಿನಲ್ಲೇ ಇರುವುದರಿಂದ ಲೋಹದ ವಾಲ್ವ್ ಹಾಕಿಸಿಕೊಂಡರೆ ಮನಸ್ಸಿಗೆ ನೆಮ್ಮದಿ.

ಟೈರು ಬಿಚ್ಚಿರುವಾಗಲೇ ಚಕ್ರ ಕೂರುವ ನಡುಭಾಗವಾದ ಹಬ್ ತೆರೆದು ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿ. ಬೇರಿಂಗ್ ಬಿಗಿದು ಹಬ್ ಕಾದರೆ ಆ ಬಿಸಿ ರಿಮ್ ಮೂಲಕ ಟೈರಿಗೂ ಹೋಗುತ್ತದೆ. ಘಟ್ಟ ಇಳಿದು ಕುಮಟಾ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಎರಡೂ ಹಬ್‌ಗಳ ಹತ್ತಿರ ಅಂಗೈ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಂದು ಬದಿ ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ ಮುಂದೆ ಹೋಗಬೇಡಿ.

ಪ್ರಶ್ನೆ ಕೇಳಿದವರು: ಅಡಿಕೆತೋಟ, ಶಿರಸಿ

ಇಬ್ಬರಿಗೂ ತುಂಬಾ ಧನ್ಯವಾದ. ಟೈರಿನ ಮೇಲೆ 3218ಕ್ಕೆ ಬಹಳ ಹತ್ತಿರದ ಅಂಕಿಯೇ ಇದೆ, 4118. ಬದಿಗೊಂದರಂತೆ ತೂಗಿಸಿದೆವು. ಎಡಕ್ಕೆ 510, ಬಲಕ್ಕೆ 410 ಕೆ.ಜಿ. ಬಂತು. ಅಡಿಗೆಯ ಕಟ್ಟೆ, 60 ಲೀಟರಿನ ನೀರಿನ ಟ್ಯಾಂಕು, ಸಿಲಿಂಡರ್ ಮೂರೂ ಎಡಬದಿಯಲ್ಲೇ ಇವೆ.

ಉತ್ತರ: ಅಂಕೋಲೆಯ ಪ್ರವಾಸಿ

ಕಾರಿನ ಟೈರಿನ ಪರವಾಗಿಯೂ ಒಂದು ಮಾತು ಹೇಳಬೇಕೆನಿಸುತ್ತದೆ. ನಮ್ಮ ಟ್ರೇಲರ್ ನಿಮ್ಮದಕ್ಕಿಂತ ಹಗುರ, ಅದಕ್ಕೆ ಕಾರಿನ ಟೈರನ್ನೇ ಬಳಸುತ್ತಿದ್ದೇವೆ. 8 ಪಿಆರ್ ಟೈರು ಬಿಗಿಯಾದ್ದರಿಂದ ಹಗುರ ಗಾಡಿಯಲ್ಲಿ ಕುಕ್ಕುತ್ತದೆ; ಒಳಗಿನ ಕಪಾಟು, ಒಲೆ, ಕೀಲುಗಳು ಸಡಿಲವಾಗುತ್ತವೆ. ಭಾರವನ್ನು ತಗ್ಗಿಸಿ, ಸರಿಯಾಗಿ ಹಂಚಿದರೆ ಕಾರಿನ ಟೈರೂ ಸಾಕು. ಈ ಅಳತೆ ಬಹಳಷ್ಟು ಸ್ವಿಫ್ಟ್ ಕಾರುಗಳಲ್ಲಿರುವುದರಿಂದ ಭಟ್ಕಳದಿಂದ ಕಾರವಾರದ ತನಕ ಯಾವ ಪೇಟೆಯಲ್ಲಿ ಕೇಳಿದರೂ ಸಿಗುತ್ತದೆ.

ವಿದೇಶಿ ಟೈರಿನ ಆಸೆ ಮಾತ್ರ ಬಿಡಿ. ಅಮೆರಿಕದಲ್ಲಿ ಟ್ರೇಲರಿಗೆಂದೇ ಎಸ್‌ಟಿ ಎಂಬ ಗುರುತಿನ ಟೈರುಗಳಿವೆ, ಅವು ಒಳ್ಳೆಯವೇ. ಆದರೆ ಹೊನ್ನಾವರದ ಹತ್ತಿರ ರಾತ್ರಿ ಒಂದು ಒಡೆದರೆ ಅದರ ಜೋಡಿಯನ್ನು ಎಲ್ಲಿಂದ ತರುವುದು?

ಉತ್ತರ: ಟೈರಂಗಡಿ, ಕುಮಟಾ

ಅಂಕೋಲೆಯವರ ಮಾತಿನಲ್ಲಿ ತಥ್ಯವಿದೆ. ಹಗುರ ಗಾಡಿಗೆ ಬಿಗಿ ಟೈರು ಸಲ್ಲದು. ಆದರೆ ಶಿರಸಿಯವರ ಎಡಚಕ್ರದ ಮೇಲೆ ಈಗ 510 ಕೆ.ಜಿ. ಇದೆ, ಟೈರಿನ ಮೇಲೆ ಬರೆದ ಮಿತಿಗೆ ಐದೇ ಕೆ.ಜಿ. ಕಡಿಮೆ, ಟ್ರೇಲರಿನ ಲೆಕ್ಕ ಹಿಡಿದರೆ ಮಿತಿಗಿಂತ 42 ಕೆ.ಜಿ. ಹೆಚ್ಚು. ದೇವಿಮನೆಯಲ್ಲಿ ಬಲ ತಿರುವಿನಲ್ಲಿ ಭಾರವೆಲ್ಲ ಎಡಕ್ಕೆ ವಾಲುತ್ತದೆ. ಆದರೂ ನನಗೆ ಘಟ್ಟಕ್ಕಿಂತ 66ನೇ ಹೆದ್ದಾರಿಯದ್ದೇ ಚಿಂತೆ ಹೆಚ್ಚು. ಘಟ್ಟದಲ್ಲಿ ಎಲ್ಲರೂ ನಿಧಾನ ಹೋಗುತ್ತಾರೆ, ಮರದ ನೆರಳೂ ಇರುತ್ತದೆ. ಕೆಳಗಿಳಿದ ಮೇಲೆ ಚತುಷ್ಪಥ, ಏಪ್ರಿಲ್ ತಿಂಗಳ ಮಧ್ಯಾಹ್ನದ ಕಾದ ಡಾಂಬರು, ಒಂದೇ ಸಮನೆ ಓಟ. ಭಾರ ಹೆಚ್ಚಾದ ಅಥವಾ ಗಾಳಿ ಕಡಿಮೆಯಾದ ಟೈರಿನ ಸೈಡ್‌ವಾಲ್ ಪ್ರತಿ ಸುತ್ತಿಗೂ ಬಾಗುತ್ತದೆ, ಆ ಬಾಗುವಿಕೆಯಿಂದ ಬಿಸಿ ಹುಟ್ಟುತ್ತದೆ, ಬಿಸಿಯಿಂದ ಒಳಗಿನ ಉಕ್ಕಿನ ಬೆಲ್ಟ್ ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಮುಪ್ಪಾದ ಟೈರಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಗ್ರಿಪ್‌ನ ಪಟ್ಟಿ ಪೂರ್ತಿ ಕಿತ್ತು ಬಂದು ಮಡ್‌ಗಾರ್ಡನ್ನೂ ಗ್ಯಾಸ್ ಪೈಪನ್ನೂ ಬಡಿಯುವುದು ಹೀಗೆಯೇ.

ಹಾಗಾಗಿ ಮೊದಲ ಪರಿಹಾರ ಹಣವಿಲ್ಲದ್ದು: ನೀರಿನ ಟ್ಯಾಂಕನ್ನು ಖಾಲಿಯಾಗಿ ಒಯ್ದು, ತಂಗುವ ಊರು ತಲುಪಿದ ಮೇಲೆ ತುಂಬಿಸಿಕೊಳ್ಳಿ. 60 ಲೀಟರ್ ಎಂದರೆ 60 ಕೆ.ಜಿ. ಸಿಲಿಂಡರನ್ನು ಬಲಬದಿಗೆ ಭದ್ರವಾಗಿ ಕಟ್ಟುವಂತೆ ಮಾಡಿಸಿ. ಅದಾದ ಮೇಲೂ ಮಕ್ಕಳ ಸಾಮಾನು, ಐಸ್ ಪೆಟ್ಟಿಗೆ ಎಂದು ಭಾರ ಏರುತ್ತಲೇ ಇರುವುದರಿಂದ ನಿಮ್ಮ ಗಾಡಿಗೆ ನಾನು ಎಲ್‌ಟಿ ಟೈರನ್ನೇ ಹೇಳುತ್ತೇನೆ. ಕುಕ್ಕುವುದನ್ನು ತಪ್ಪಿಸಲು ಗಾಳಿಯನ್ನು ಭಾರಕ್ಕೆ ತಕ್ಕಂತೆ ಹಿಡಿಯಬೇಕು. ಸೈಡ್‌ವಾಲ್ ಮೇಲೆ ಬರೆದ ಗರಿಷ್ಠ ಒತ್ತಡಕ್ಕೇ ತುಂಬಿಸಿ ಎಂಬ ಸಲಹೆ ಅಮೆರಿಕದ ಎಸ್‌ಟಿ ಟೈರಿನ ಕಡೆಯಿಂದ ಬಂದದ್ದು. 730 ಕೆ.ಜಿ. ಹೊರುವ ಟೈರಿನ ಮೇಲೆ 500 ಕೆ.ಜಿ. ಆಸುಪಾಸು ಇದ್ದರೆ 45ರಿಂದ 50 ಪಿಎಸ್‌ಐ ಸಾಕು. ಕೊಳ್ಳುವಾಗ ಆ ಟೈರಿನ ಕಂಪನಿಯ ಭಾರ ಮತ್ತು ಒತ್ತಡದ ಪಟ್ಟಿಯನ್ನು ಅಂಗಡಿಯವರಿಂದ ಕೇಳಿ ಪಡೆದು ತಾಳೆ ನೋಡಿ. ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ದಾರಿಯಲ್ಲಿ ಟೈರು ಕಾದು ಒತ್ತಡ ಏರಿದ್ದನ್ನು ಕಂಡು ಗಾಳಿ ಬಿಡುವ ಕೆಲಸ ಮಾಡಲೇಬಾರದು.

ಬಲವಾದ ಟೈರು ಬಂತೆಂದು ಇನ್ನಷ್ಟು ಸಾಮಾನು ಹೇರಬೇಡಿ ಎಂಬುದನ್ನೂ ಹೇಳಿಬಿಡುತ್ತೇನೆ. ಕಾರಿನ ರಿಮ್, ಆ್ಯಕ್ಸಲ್, ಬೇರಿಂಗ್ ಇವುಗಳಲ್ಲಿ ಯಾವುದರ ಶಕ್ತಿ ಕಡಿಮೆಯೋ ಅದೇ ನಿಮ್ಮ ಗಾಡಿಯ ಮಿತಿ. ರಿಮ್ ಎಷ್ಟು ಭಾರಕ್ಕೆ, ಎಷ್ಟು ಒತ್ತಡಕ್ಕೆ ಮಾಡಿದ್ದು ಎಂಬುದನ್ನು ಟ್ರೇಲರ್ ಕಟ್ಟಿಕೊಟ್ಟವರಿಂದ ಕೇಳಿಕೊಂಡೇ ಟೈರಿಗೆ ಮುಂಗಡ ಕೊಡಿ.

ಪ್ರಶ್ನೆ ಕೇಳಿದವರು: ಅಡಿಕೆತೋಟ, ಶಿರಸಿ

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಟ್ಯಾಂಕು ಖಾಲಿ ಒಯ್ಯುವುದೆಂದು ತೀರ್ಮಾನವಾಯಿತು, ಸಿಲಿಂಡರಿಗೆ ಬಲಬದಿಯಲ್ಲಿ ಹೊಸ ಚೌಕಟ್ಟು ಮಾಡಿಸುತ್ತಿದ್ದೇವೆ. ಟ್ರೇಲರ್ ಕಟ್ಟಿದವರು ರಿಮ್‌ನ ಮೇಲಿನ ಗುರುತು ನೋಡಿ ತಿಳಿಸುತ್ತೇನೆ ಎಂದಿದ್ದಾರೆ. ಅವರು ಒಪ್ಪಿದರೆ ಎಲ್‌ಟಿ ರೇಡಿಯಲ್ ಹಾಕಿಸುತ್ತೇವೆ. ಕೊನೆಯದಾಗಿ ಒಂದು ಸಂಶಯ: ಹಣ ಉಳಿಸಲು ಎರಡನ್ನೇ ಹೊಸದು ಕೊಂಡು, ಈಗಿನವುಗಳಲ್ಲಿ ಚೆನ್ನಾಗಿರುವ ಒಂದನ್ನು ಸ್ಟೆಪ್ನಿಯಾಗಿ ಇಟ್ಟುಕೊಳ್ಳಬಹುದೆ? ಮಳೆಗಾಲದಲ್ಲಿ ಗಾಡಿಯನ್ನು ಹೇಗೆ ನಿಲ್ಲಿಸಬೇಕು?

ಉತ್ತರ: ಕಾಳಿತೀರ, ಕಾರವಾರ

ಹಳೆಯದನ್ನು ಸ್ಟೆಪ್ನಿಯಾಗಿ ಇಡಬೇಡಿ. ಅದೂ 2018ರದ್ದೇ, ಸ್ಟೆಪ್ನಿ ಬೇಕಾಗುವುದೇ ಗಾಡಿ ತುಂಬಿರುವಾಗ, ದಾರಿಯ ನಡುವೆ. ಮೂರನ್ನೂ ಒಂದೇ ಅಳತೆಯ, ಒಂದೇ ಲೋಡ್ ಇಂಡೆಕ್ಸ್‌ನ, ಹತ್ತಿರ ಹತ್ತಿರದ ವಾರದ ತಯಾರಿಕೆಯದ್ದಾಗಿ ಕೊಳ್ಳಿ, ವರ್ಷಕ್ಕೊಮ್ಮೆ ಸ್ಟೆಪ್ನಿಯನ್ನು ಚಕ್ರಕ್ಕೂ ಒಂದು ಚಕ್ರವನ್ನು ಸ್ಟೆಪ್ನಿಗೂ ಬದಲಿಸುತ್ತ ಹೋಗಿ.

ಮಳೆಗಾಲಕ್ಕೆ ಮುಂಚೆ ಸೋಪಿನ ನೀರಿನಿಂದ ಉಪ್ಪು ಮರಳನ್ನೆಲ್ಲ ತೊಳೆದು, ಆ್ಯಕ್ಸಲ್ ಅಡಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಚಕ್ರಗಳು ನೆಲದಿಂದ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ. ಅದು ಸಾಧ್ಯವಾಗದಿದ್ದರೆ ಚಕ್ರದ ಅಡಿಗೆ ಹಲಗೆ ಇಟ್ಟು, ಗಾಳಿ ಪೂರ್ತಿ ತುಂಬಿ, ತಿಂಗಳಿಗೊಮ್ಮೆ ಅರ್ಧ ಸುತ್ತು ಸರಿಸಿ. ಬಿಸಿಲು ತಾಗುವ ಬದಿಗೆ ದಪ್ಪ ಬಟ್ಟೆ ಹೊದಿಸಿ. ಹೊಳಪಿಗೆಂದು ಪೆಟ್ರೋಲಿಯಂ ಆಧಾರದ ಪಾಲಿಶ್ ಹಚ್ಚಬೇಡಿ, ಅದು ರಬ್ಬರಿನ ರಕ್ಷಣೆಯ ಪದರವನ್ನೇ ಕರಗಿಸುತ್ತದೆ. ಆ ಮಾಡಿನಲ್ಲಿ ವೆಲ್ಡಿಂಗ್ ಕೆಲಸವೇನಾದರೂ ನಡೆಯುತ್ತಿದ್ದರೆ ಟ್ರೇಲರನ್ನು ಬೇರೆ ಕಡೆ ನಿಲ್ಲಿಸಿ, ವೆಲ್ಡಿಂಗಿನ ಕಿಡಿಯಿಂದ ಓಜೋನ್ ಹುಟ್ಟುತ್ತದೆ. ಹೊಸ ಟೈರು ಹಾಕಿಸಿದ ಮೇಲೆ ಮೊದಲ 80 ರಿಂದ 100 ಕಿಲೋಮೀಟರ್ ಓಡಿದ ತಕ್ಷಣ ಚಕ್ರದ ನಟ್‌ಗಳನ್ನು ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೊಮ್ಮೆ ಬಿಗಿಸಬೇಕು. ಶಿರಸಿಯಿಂದ ಹೊರಟರೆ ಗೋಕರ್ಣ ತಲುಪುವಷ್ಟರಲ್ಲಿ ಅದರ ಹೊತ್ತಾಗಿರುತ್ತದೆ.