ಬುಡಾಪೆಸ್ಟ್‌ಗೆ ಕಡಿಮೆ ಖರ್ಚಿನಲ್ಲಿ ಹೋಗಿಬಂದವರು ಇದ್ದೀರಾ? ಸ್ವಲ್ಪ ಹೇಳಿ

ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ವಿಯೆನ್ನಾದಲ್ಲಿರುವ ಮಗಳ ಮನೆಗೆ ಹೋಗ್ತಿದ್ದೇವೆ. ಅಲ್ಲಿಂದ ನಾಲ್ಕು ದಿನ ಬುಡಾಪೆಸ್ಟ್ ನೋಡಿ ಬರುವ ಆಸೆ. ಇಬ್ಬರಿಗೂ ಅರವತ್ತು ದಾಟಿದೆ, ನಡೆಯಲು ತೊಂದರೆ ಇಲ್ಲ. ಮಾಂಸ ಮುಟ್ಟುವುದಿಲ್ಲ, ಮೊಟ್ಟೆ ನಡೆಯುತ್ತದೆ. ಪೆನ್ಶನ್ ದುಡ್ಡಿನಲ್ಲಿ ಹೋಗುವುದು. ಯಾವುದಕ್ಕೆ ಖರ್ಚು ಮಾಡಬೇಕು, ಯಾವುದು ಬಿಡಬಹುದು?

*

ಧೈರ್ಯವಾಗಿ ಹೋಗಿ ಬನ್ನಿ ಸರ್. ಆ ಊರಿನಲ್ಲಿ ನೋಡಲೇಬೇಕಾದ ಜಾಗಗಳಲ್ಲಿ ಹೆಚ್ಚಿನವಕ್ಕೆ ದುಡ್ಡೇ ಬೇಡ. ಜೇಬು ಖಾಲಿ ಮಾಡುವುದು ಟಿಕೆಟ್, ಕಾರ್ಡು, ಟ್ಯಾಕ್ಸಿ ಇಂಥ ಸಣ್ಣಪುಟ್ಟವು, ಅವನ್ನು ಹಿಡಿತದಲ್ಲಿಟ್ಟರೆ ಸಾಕು.

ವಿಯೆನ್ನಾದಿಂದ ರೈಲಿನಲ್ಲೇ ಹೋಗಿ, ಮೂರು ಗಂಟೆಯೊಳಗೆ ಕೆಲೆಟಿ ಸ್ಟೇಷನ್ನಿನಲ್ಲಿ ಇಳಿಯುತ್ತೀರಿ. ಮುಂಚೆಯೇ ಬುಕ್ ಮಾಡಿದರೆ ತುಂಬಾ ಅಗ್ಗ. ಎರಡೂ ಷೆಂಗೆನ್ ದೇಶಗಳೇ ಆದ್ದರಿಂದ ಬೇರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಅಲ್ಲಿ ಯೂರೋ ಅಲ್ಲ, ಫೋರಿಂಟ್. ಅಂಗಡಿಯ ಮಿಷಿನ್ನಾಗಲಿ ಎಟಿಎಂ ಆಗಲಿ, ರೂಪಾಯಿಯಲ್ಲಿ ಲೆಕ್ಕ ಹಾಕಲಾ ಎಂದು ಕೇಳಿದರೆ ಬೇಡ ಅನ್ನಿ, ಫೋರಿಂಟ್ ಒತ್ತಿ. ಇಲ್ಲದಿದ್ದರೆ ಅವರು ಹೇಳಿದ್ದೇ ರೇಟು.

ಹೋದ ತಕ್ಷಣ ಇಬ್ಬರಿಗೂ 72 ಗಂಟೆಯ ಪಾಸ್ ತಗೊಳ್ಳಿ. ಮೆಟ್ರೋ, ಟ್ರಾಮ್, ಬಸ್ ಎಲ್ಲಕ್ಕೂ ನಡೆಯುತ್ತದೆ. ಬಿಡಿ ಕಾಗದದ ಟಿಕೆಟ್ ತಗೊಂಡರೆ ಹತ್ತುವಾಗ ಮಿಷಿನ್ನಿನಲ್ಲಿ ಒತ್ತಿಸಲೇಬೇಕು, ಚೆಕಿಂಗ್‌ನವರು ಟೂರಿಸ್ಟ್ ಅಂತ ಬಿಡುವುದಿಲ್ಲ. 65 ದಾಟಿದವರಿಗೆ ಪುಕ್ಕಟೆ ಅಂತ ಯಾರಾದರೂ ಹೇಳಬಹುದು, ಅದು ಯುರೋಪಿಯನ್ ಯೂನಿಯನ್ ಪ್ರಜೆಗಳಿಗೆ ಮಾತ್ರ.

ಸಂಜೆ ಬೋಟಿನಲ್ಲಿ ಊಟದ ಪ್ಯಾಕೇಜ್ ಬಿಟ್ಟುಬಿಡಿ. ಅದೇ ಪಾಸಿನಲ್ಲಿ 2ನೇ ನಂಬರ್ ಟ್ರಾಮ್ ಹತ್ತಿ. ದೊಡ್ಡ ಮಾರ್ಕೆಟ್ ಹತ್ತಿರದ ಫೋವಾಮ್ ಸ್ಟಾಪಿನಲ್ಲಿ ಹತ್ತಿ ಎಡಗಡೆಯ ಕಿಟಕಿ ಹಿಡಿದರೆ ಡ್ಯಾನ್ಯೂಬ್ ನದಿ ಜೊತೆಯಲ್ಲೇ ಬರುತ್ತದೆ. ಆಚೆ ದಡದಲ್ಲಿ ಬುಡಾದ ಗುಡ್ಡ, ಅರಮನೆ, ಮಧ್ಯೆ 1849ರ ಚೈನ್ ಬ್ರಿಡ್ಜ್, ಕೊನೆಗೆ ದೀಪ ಹಾಕಿದ ಪಾರ್ಲಿಮೆಂಟ್. ಅಲ್ಲಿ ಇಳಿದು ನದಿ ದಡದಲ್ಲಿ ಸ್ವಲ್ಪ ಹಿಂದಕ್ಕೆ ನಡೆದರೆ ಕಬ್ಬಿಣದ ಚಪ್ಪಲಿ-ಶೂಗಳು ಸಾಲಾಗಿ ಕಾಣುತ್ತವೆ, 60 ಜೊತೆ. 1944-45ರಲ್ಲಿ ಯಹೂದಿಗಳನ್ನು ಇದೇ ದಡಕ್ಕೆ ತಂದು, ಶೂ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸಿದರು. ಹಿಮ್ಮಡಿ ಸವೆದದ್ದು, ಲೇಸ್ ಬಿಚ್ಚಿದ್ದು, ಮಕ್ಕಳದ್ದು, ಎಲ್ಲಾ ಇದೆ. ಯಾರೋ ಒಳಗೆ ಹೂವು ಇಟ್ಟಿರುತ್ತಾರೆ. ಅಲ್ಲಿ ಫೋಟೋಗೆ ಪೋಸ್ ಕೊಡುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಗುಡ್ಡದ ಮೇಲಕ್ಕೆ ಹಳಿ ಗಾಡಿ ಇದೆ, ಅದಕ್ಕೆ ಬೇರೆ ಟಿಕೆಟ್, ದುಬಾರಿ. 16ನೇ ನಂಬರ್ ಬಸ್ಸೂ ಮೇಲಕ್ಕೇ ಹೋಗುತ್ತದೆ, ಪಾಸ್ ಸಾಕು. ಅಲ್ಲೇ ಊರು ನೋಡಲು ಫಿಶರ್‌ಮನ್ಸ್ ಬ್ಯಾಸ್ಟಿಯನ್ ಅಂತ ಕೋಟೆಯಂಥ ಕಟ್ಟೆ ಇದೆ, ಅದರ ಮೇಲಿನ ಅಟ್ಟಕ್ಕೆ ಹಗಲಲ್ಲಿ ದುಡ್ಡು, ಕೆಳಗಿನ ಜಗಲಿ ಪುಕ್ಕಟೆ. ನೋಟದಲ್ಲಿ ಅಂಥ ವ್ಯತ್ಯಾಸ ಏನಿಲ್ಲ. ಪಾರ್ಲಿಮೆಂಟ್ ಒಳಗೆ ಹೋಗುವುದಾದರೆ ಮಾತ್ರ ಮೊದಲೇ ಆನ್‌ಲೈನಲ್ಲಿ ತಗೊಳ್ಳಿ, ಯುರೋಪಿಯನ್ನರಲ್ಲದ ನಮಗೆ ರೇಟು ಜಾಸ್ತಿ.

*

ಊಟದ ಬಗ್ಗೆ ನಾನು ಹೇಳ್ತೀನಿ. ಅಡುಗೆಮನೆ ಇರುವ ರೂಮ್ ಹಿಡಿಯಿರಿ ಅಣ್ಣ, ಅರ್ಧ ಚಿಂತೆ ಅಲ್ಲೇ ಮುಗಿಯಿತು. ಸಾರಿನ ಪುಡಿ ಮಗಳ ಮನೆಯಿಂದ ತಗೊಂಡು ಹೋಗಿ. ಅಕ್ಕಿ, ಮೊಸರು, ತರಕಾರಿ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ.

ಹೊರಗೆ ತಿನ್ನಲು ಲಾಂಗೋಶ್ ಇದೆ. ತಟ್ಟೆಯಷ್ಟಗಲದ ಪೂರಿಯ ಹಾಗೆ ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ ನೀರು ಸವರಿ, ಹುಳಿ ಕ್ರೀಮ್, ತುರಿದ ಚೀಸ್ ಹಾಕಿ ಬಿಸಿಬಿಸಿ ಕೊಡ್ತಾರೆ. ಒಂದು ತಗೊಂಡರೆ ಇಬ್ಬರಿಗೆ ಸಾಕು. ಬೇಕರಿಯಲ್ಲಿ ಪೊಗಾಚ ಅಂತ ಸಣ್ಣ ಉಪ್ಪಿನ ಬನ್ ಇರುತ್ತದೆ, ಇಲ್ಲಿ ಹುಷಾರು: ಶಾಯ್ತೋಶ್ ಅಂದರೆ ಚೀಸ್‌ದು, ತೆಪೆರ್ತೋಶ್ ಅಂದರೆ ಹಂದಿ ಕೊಬ್ಬಿನದು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಹುರುಳಿಕಾಯಿ, ಕಾಳಿನ ಸೂಪಿನಲ್ಲೂ ಮಾಂಸ ಇರಬಹುದು, ಕೇಳದೆ ತಗೋಬೇಡಿ. "ಹೂಶ್" ಅಂದರೆ ಮಾಂಸ, ಅದೊಂದು ನೆನಪಿಟ್ಟುಕೊಂಡರೆ ಕೆಲಸ ಆಗುತ್ತದೆ.

*

ಮೇಲಿನವರು ಹೇಳಿದ್ದೆಲ್ಲಾ ಸರಿ, ಆದರೆ ಬಿಸಿನೀರಿನ ಸ್ನಾನದ ಮಾತೇ ಬರಲಿಲ್ಲವಲ್ಲ! ಉಳಿಸಿದ ದುಡ್ಡನ್ನು ಅದಕ್ಕೆ ಹಾಕಿ ಸರ್, ನನ್ನ ಮಟ್ಟಿಗೆ ಆ ಊರಿಗೆ ಹೋಗುವುದೇ ಅದಕ್ಕೆ. ಸೆಚೇನಿ ಸ್ನಾನಗೃಹ 1913ರದ್ದು. ಹಳದಿ ಅರಮನೆಯಂಥ ಕಟ್ಟಡದ ನಡುವೆ ಬಯಲಿನಲ್ಲೇ ಕೊಳ, ನೆಲದೊಳಗಿಂದ ಬರುವ ಬಿಸಿನೀರು. ಊರಿನ ಹಿರಿಯರು ಕತ್ತಿನವರೆಗೆ ನೀರಲ್ಲಿ ನಿಂತು ಚೆಸ್ ಆಡುತ್ತಿರುತ್ತಾರೆ. ಅಲ್ಲಿಗೆ ಹೋಗುವ 1ನೇ ಮೆಟ್ರೋ 1896ರದ್ದು, ಯುರೋಪಿನ ಮುಖ್ಯ ಭೂಭಾಗದ ಮೊದಲ ಸುರಂಗ ರೈಲು. ಪುಟ್ಟ ಹಳದಿ ಬೋಗಿ, ಬಿಳಿ ಟೈಲ್ಸಿನ ಸ್ಟೇಷನ್. ಅದರಲ್ಲೇ ಹೋಗಿ.

ಟವೆಲ್, ನೀರಿಗಾಗುವ ಚಪ್ಪಲಿ, ಈಜುಡುಗೆ ಇಲ್ಲಿಂದಲೇ ಒಯ್ಯಿರಿ, ಅಲ್ಲಿ ತಗೊಂಡರೆ ಸುಮ್ನೆ ದಂಡ. ಈಜುವ ಕೊಳಕ್ಕೆ ಇಳಿಯಲು ತಲೆಗೆ ಟೋಪಿಯೂ ಬೇಕು. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಇಳಿಯಿರಿ, ಬಿಸಿನೀರಲ್ಲಿ ತುಂಬಾ ಹೊತ್ತು ಕೂರಬೇಡಿ. ವಾರದ ದಿನ ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ಶನಿವಾರ ಭಾನುವಾರ ಬೇಡ. ಹಾಂ, ಭಾನುವಾರ ದೊಡ್ಡ ಮಾರ್ಕೆಟ್ಟೂ ಮುಚ್ಚಿರುತ್ತದೆ, ಆ ದಿನ ಗುಡ್ಡ, ನದಿ ಮಧ್ಯದ ಮಾರ್ಗರೆಟ್ ದ್ವೀಪ ಇಟ್ಟುಕೊಳ್ಳಿ.