‘ಮುಕ್ತ ಗಡಿ’ ಬದಲು ‘ದಣಪೆ ಗಡಿ’ ಅನ್ನಬಹುದೇ?

ಕಾರವಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ಹೋದ ವಾರ ಭಾರತ–ನೇಪಾಳದ ನಡುವೆ ‘ಮುಕ್ತ ಗಡಿ’ ಇದೆ ಅಂದೆ. ಹುಡುಗಿಯೊಬ್ಬಳು ಎದ್ದು, “ಅಲ್ಲಿ ಗಡಿಯೇ ಇಲ್ವಾ ಸರ್?” ಅಂತ ಕೇಳಿದಳು. ಅವಳದ್ದೇನೂ ತಪ್ಪಿಲ್ಲ. ನಮ್ಮ ಗೋಡೆಯ ಮೇಲೇ ‘ಪ್ಲಾಸ್ಟಿಕ್ ಮುಕ್ತ ಶಾಲೆ’ ಅಂತ ಬರೆದಿದೆ. ಮುಕ್ತ ಅಂದರೆ ‘ಇಲ್ಲ’ ಅಂತಲೇ ಮಕ್ಕಳ ತಲೆಯಲ್ಲಿ ಕೂತಿದೆ.

ಆದರೆ ಅಲ್ಲಿ ಗಡಿ ಇದೆಯಲ್ಲ! 1,700 ಕಿ.ಮೀ.ಗಿಂತ ಜಾಸ್ತಿ ಉದ್ದ. ಗಡಿಕಂಬಗಳಿವೆ, ಸಶಸ್ತ್ರ ಸೀಮಾ ಬಲದವರು ಕಾಯುತ್ತಾರೆ, ಸರಕಿಗೆ ಸುಂಕದ ತಪಾಸಣೆಯಿದೆ. ಜನ ಮಾತ್ರ ಪಾಸ್‌ಪೋರ್ಟು, ವೀಸಾ ಇಲ್ಲದೆ ಆಚೀಚೆ ನಡೆದು ಹೋಗುತ್ತಾರೆ. 1950ರ ಜುಲೈ 31ರ ಒಪ್ಪಂದ ಕೊಟ್ಟ ಅನುಕೂಲ ಅದು. ಯುರೋಪಿನಲ್ಲಿ ಮುಕ್ತ ಓಡಾಟಕ್ಕೆ ಒಪ್ಪಂದ ಮಾಡಿಕೊಂಡ ಶೆಂಗೆನ್ ದೇಶಗಳೂ ತಮ್ಮ ನಡುವಿನ ಗಡಿ ಅಳಿಸಿಲ್ಲ. ತಪಾಸಣೆ ತೆಗೆದಿವೆ, ಅಪಾಯ ಕಂಡರೆ ಸ್ವಲ್ಪ ಕಾಲ ಮತ್ತೆ ಹಾಕುತ್ತವೆ.

ಇದಕ್ಕೆ ನನಗೆ ಹೊಳೆದದ್ದು ದಣಪೆ. ನಾನು ಹುಟ್ಟಿದ್ದು ಶಿರಸಿ ಕಡೆ. ನಮ್ಮ ಅಡಿಕೆ ತೋಟಕ್ಕೂ ಪಕ್ಕದ ಮನೆಯವರ ತೋಟಕ್ಕೂ ನಡುವೆ ಬೇಲಿ, ಬೇಲಿಯಲ್ಲೊಂದು ದಣಪೆ. ಎರಡು ಗೂಟ, ಗೂಟದ ತೂತುಗಳಲ್ಲಿ ಅಡ್ಡಡ್ಡ ಬಿದಿರು ಗಳ. ದನ ದಾಟುವುದಿಲ್ಲ. ಮನುಷ್ಯರು ಗಳ ಸರಿಸಿ ದಾಟಿ, ಮತ್ತೆ ಹಾಕಿ ಹೋಗುತ್ತಾರೆ. ಯಾರ ಅಪ್ಪಣೆಯೂ ಬೇಡ. ಒಮ್ಮೆ ನಾನು ಗಳ ಹಾಕದೆ ಓಡಿಹೋಗಿ, ದನ ನುಗ್ಗಿ ಅವರ ಬಾಳೆಗಿಡ ಮೇಯ್ದಿತ್ತು. ಅವರು ಸಿಟ್ಟಿನಲ್ಲಿ ದಣಪೆ ಕಿತ್ತು ಬೇಲಿ ಕಟ್ಟಲಿಲ್ಲ. “ದಾಟಿದ ಮೇಲೆ ಗಳ ಹಾಕವು ಮಾಣಿ” (ಹಾಕಬೇಕು ಹುಡುಗಾ) ಅಂದರು, ಅಷ್ಟೇ.

‘ತೆರೆದ ಗಡಿ’ ಅಂದರೆ ಬಾಗಿಲು ಹಾಕುವವರೇ ಇಲ್ಲ ಅನ್ನಿಸುತ್ತದೆ. ‘ಎಲ್ಲೆ’, ‘ಸರಹದ್ದು’ ಬರೀ ಗೆರೆ ತೋರಿಸುತ್ತವೆ. ದಣಪೆಯಲ್ಲಿ ಕಾವಲೂ ಇದೆ, ದಾರಿಯೂ ಇದೆ, ದಾಟುವವರ ಜವಾಬ್ದಾರಿಯೂ ಇದೆ.

ಮರುದಿನ ಬೋರ್ಡಿನ ಮೇಲೆ ದಣಪೆ ಬರೆದು ತೋರಿಸಿದೆ. ಕೊಂಕಣಿ ಮನೆಮಾತಿನ ಮಕ್ಕಳೇ ಜಾಸ್ತಿ, ಪದ ಅವರಿಗೆ ಹೊಸದು. ಆದರೂ ಒಬ್ಬ ಹುಡುಗ ತಟ್ಟನೆ, “ಮಾಜಾಳಿ ಚೆಕ್‌ಪೋಸ್ಟ್ ತರ ಅಲ್ವಾ ಸರ್? ನಮ್ಮನ್ನು ಬಿಡ್ತಾರೆ, ಗೋವಾದ ಬಾಟ್ಲಿ ಇದ್ರೆ ಹಿಡೀತಾರೆ” ಅಂದ. ಮಾಜಾಳಿ ಅಂದರೆ ನಮ್ಮ ಕಾರವಾರದ ಪಕ್ಕ, ಗೋವಾ ಗಡಿಯ ಊರು. 1961ರ ಡಿಸೆಂಬರ್‌ವರೆಗೆ ಅದೇ ಮಾಜಾಳಿಯ ಆಚೆಗೆ ಪೋರ್ಚುಗೀಸರ ಆಳ್ವಿಕೆ ಇತ್ತು ಅಂದಾಗ ಇಡೀ ಕ್ಲಾಸು ಸುಮ್ಮನಾಯಿತು.

ಮಲೆನಾಡಿನ ಕೆಲವು ಕಡೆ ಇದಕ್ಕೇ ಉಣುಗೋಲು ಅನ್ನುತ್ತಾರೆ. ದಕ್ಷಿಣ ಕನ್ನಡದಲ್ಲಿ ಬೇಲಿ ದಾಟುವ ಜಾಗಕ್ಕೆ ತಡಮೆ ಎಂಬ ಮಾತಿದೆ. ಬಯಲುಸೀಮೆಯವರು ಹೊಲದ ಬೇಲಿಯ ಇಂಥ ದಾರಿಗೆ ಏನನ್ನುತ್ತೀರಿ? ‘ದಣಪೆ ಗಡಿ’ ಅಂದರೆ ನಿಮ್ಮ ಊರಿನ ಮಕ್ಕಳಿಗೆ ಅರ್ಥವಾದೀತಾ?